ತಿಪ್ಪೆ ಸುಟ್ಟ ಊರು

ಬಾಗಿಲು ಮುಂದೆ ಮಾಡಿ ಹತ್ತಿರ ಬನ್ನಿ. ಇನ್ನೂ ಹತ್ತಿರ. ಇದು ಗೋಡೆಗೂ ಕೇಳಿಸಬಾರದ ಮಾತು. ಕೇಳಿದವರು ಅತ್ತೆಗೆ ಹೇಳಬಾರದು, ಸೊಸೆಗೆ ಹೇಳಬಾರದು, ಬಾವಿಕಟ್ಟೆಯಲ್ಲಂತೂ ಉಸಿರೆತ್ತಬಾರದು. ಆಣೆ ಇಟ್ಟಿರಾ? ಹಾಗಾದರೆ ಹೂಂಗುಟ್ಟಿ, ಹೇಳುತ್ತೇನೆ.

ಮಳೆ ದಾರಿ ತಪ್ಪಿದರೆ ಮಾತ್ರ ಬಂದು ಹೋಗುವಂಥ ಒಂದು ಊರಿತ್ತಂತೆ. ಕೆಂಪು ನೆಲ. ಬೇಸಿಗೆಯಲ್ಲಿ ಹೆಂಚಿನ ಹಾಗೆ ಕಾದು ಗಟ್ಟಿಯಾಗುವ ನೆಲ. ಬಿದ್ದ ನಾಲ್ಕು ಹನಿಯೂ, ಮುನಿಸಿಕೊಂಡ ಬೀಗರು ನೀರೂ ಮುಟ್ಟದೆ ಎದ್ದು ಹೋಗುವ ಹಾಗೆ, ಹಳ್ಳಕ್ಕೆ ಹರಿದು ಹೋಗುತ್ತಿತ್ತಂತೆ.

ಆ ಊರಲ್ಲಿ ಗಾಳೆವ್ವ ಅಂತ ಒಬ್ಬಳು. ಆಕೆಯ ಬಾಯಿ ಎಂಥದೆಂದರೆ, ಆಕೆ ಇಲ್ಲಿ ಕೆಮ್ಮಿದರೆ ಆಚೆ ಓಣಿಯಲ್ಲಿ ಒಂದು ಮದುವೆ ಮುರಿಯುತ್ತಿತ್ತಂತೆ. ಆದರೂ ಪಾಪ, ಆಕೆಯ ಸಂಕಟ ಸಣ್ಣದಲ್ಲ. ಸೊಸೆ ನೀಲವ್ವ ಹೆತ್ತಳು, ಕೂಸು ಹೋಯಿತು. ಮತ್ತೆ ಹೆತ್ತಳು, ಮತ್ತೆ ಹೋಯಿತು. ಮೂರನೆಯದೂ ಹೋಯಿತು. ಹೊಲದಲ್ಲಿ ಕಾಳಿಲ್ಲ, ಬಾಣಂತಿಯ ಎದೆಯಲ್ಲಿ ಹಾಲಿಲ್ಲ. ಗಾಳೆವ್ವನಿಗೆ ಅದು ಹೊಳೆಯಲಿಲ್ಲ, ಯಾರದೋ ಕಣ್ಣು ಬಿದ್ದಿದೆ ಅಂದುಕೊಂಡಳಂತೆ. ಯಾರದು ಅಂತ ಹುಡುಕಲು ದೂರ ಹೋಗಬೇಕಾಗಿರಲಿಲ್ಲ.

ಗೋಡೆಗೆ ಗೋಡೆ, ಬದುವಿಗೆ ಬದು ಹತ್ತಿದ ನೆರೆಯವಳು ತಿರಕವ್ವ. ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಒಂದು ಮುದಿ ಎಮ್ಮೆ, ಅತ್ತೆಯ ಕಾಲದಿಂದ ಬಂದ ಒಂದು ತಿಪ್ಪೆ. ಊರವರೆಲ್ಲ ಸಗಣಿಯನ್ನು ಬೆರಣಿ ತಟ್ಟಿ ಒಲೆಗೆ ಹಾಕಿದರೆ, ಈಕೆ ಜಾಲಿಮುಳ್ಳು ಆಯ್ದು ಒಲೆ ಹಚ್ಚಿ, ಸಗಣಿ, ಬೂದಿ, ತರಗೆಲೆ ಎಲ್ಲವನ್ನೂ ತಿಪ್ಪೆಗೆ ಸುರಿಯುತ್ತಿದ್ದಳಂತೆ. ಊರಿಗೆಲ್ಲ ಅದೊಂದೇ ತಿಪ್ಪೆ. ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸು ಹುಟ್ಟಿದರೆ, ಅದನ್ನು ತಿಪ್ಪೆಯ ಮೇಲೆ ಮಲಗಿಸಿ, ತಿಪ್ಪೆಯ ಒಡತಿಗೆ ಒಂದು ಮೊರ ತವುಡು ಕೊಟ್ಟು, ಕೊಂಡುಕೊಂಡು ಬರುವುದು ಆ ಊರ ಪದ್ಧತಿ. ಕಸದ ಕೂಸು ಅಂತ ಸಾವು ಮೂಗು ಮುಚ್ಚಿಕೊಂಡು ಹೋಗುತ್ತದಂತೆ. ಊರ ಗೌಡನನ್ನೂ ಹಾಗೆಯೇ ಎತ್ತಿಕೊಂಡು ಬಂದದ್ದಂತೆ.

ಗಾಳೆವ್ವ ಮಾತ್ರ ಹೋಗಿರಲಿಲ್ಲ. "ಆ ಗೊಡ್ಡಿಯ ಕೈಯಿಂದ ನನ್ನ ಮನೆ ಕೂಸು ಕೊಳ್ಳಬೇಕೇ? ಥೂ!" ಅಂದಿದ್ದಳಂತೆ.

ಹೀಗಿರುವಾಗ ಒಂದು ಬೇಸಿಗೆ, ಗಾಳೆವ್ವ ಬದುವಿನ ಮೇಲೆ ನಿಂತು ನೋಡುತ್ತಾಳೆ, ತಿರಕವ್ವ ಕಾದ ನೆಲದಲ್ಲಿ ಕುಣಿ ತೋಡುತ್ತಿದ್ದಾಳೆ. ಸಣ್ಣ ಸಣ್ಣ ಕುಣಿ, ಮೊಳದಷ್ಟು, ಸಾಲು ಸಾಲು. ಒಂದೊಂದಕ್ಕೂ ಬುಟ್ಟಿಯಿಂದ ಏನೋ ಕರ್ರಗಿನದನ್ನು ಇಳಿಸಿ, ಮಣ್ಣೆಳೆದು, ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದಾಳೆ. ಗಾಳೆವ್ವ ನಿಂತಲ್ಲೇ ಎಣಿಸತೊಡಗಿದಳಂತೆ. ಮೂರು ಸಲ ಅಷ್ಟೇ ದೊಡ್ಡ ಕುಣಿ ಕಂಡವಳು ಆಕೆ.

"ಏನೇ ತಿರಕಿ, ಇವೆಲ್ಲ ಯಾರಿಗೇ?"

"ಮಳೆಗೆ."

"ಮಳೆಗೆ ಯಾರಾದರೂ ಕುಣಿ ತೋಡುತ್ತಾರೇನೇ, ತಲೆ ಕೆಟ್ಟವಳೇ?"

"ನಿಲ್ಲೋಕೆ ಜಾಗ ಇಲ್ಲದೆ ಓಡಿಹೋಗ್ತದಲ್ಲ, ಅದಕ್ಕೆ. ತಳಕ್ಕೆ ಇಷ್ಟು ಗೊಬ್ಬರ ಹಾಕಿದರೆ ಗೆದ್ದಲು ಬಂದು ನೆಲ ಕೊರೀತವೆ, ನೀರು ಒಳಕ್ಕೆ ಇಳೀತದೆ. ನೀನೂ ದಿನಾ ಒಂದು ಬುಟ್ಟಿ ಸಗಣಿ ಉಳಿಸು, ತೋರಿಸಿಕೊಡ್ತೀನಿ."

ಗಾಳೆವ್ವನ ಕಿವಿಗೆ ಬಿದ್ದದ್ದು ಗೆದ್ದಲು ಒಂದೇ.

ಮಾತು ಬಾವಿಕಟ್ಟೆ ಮುಟ್ಟುವಷ್ಟರಲ್ಲಿ ಕುಣಿ ನೂರೊಂದಾದವು. ಮಡಿವಾಳರ ಕಲ್ಲು ಮುಟ್ಟುವಷ್ಟರಲ್ಲಿ, ಊರಲ್ಲಿ ಎಷ್ಟು ಕೂಸುಗಳೋ ಅಷ್ಟೇ ಕುಣಿ ಅಂತಾಯಿತು. ಗೌಡನ ಚಾವಡಿ ಮುಟ್ಟುವಷ್ಟರಲ್ಲಿ, ತಿರಕವ್ವ ಒಂದೊಂದು ಕೂಸಿನ ಹೆಸರು ಕೂಗಿ ಗೆದ್ದಲಿಗೆ ಒಪ್ಪಿಸುತ್ತಾಳೆ ಅಂತಾಯಿತಂತೆ. ಹೇಳಿದವಳು ಯಾರು ಅಂತ ನಾನು ಬಾಯಿ ಬಿಟ್ಟು ಹೇಳಬೇಕೇ?

"ಕುಣಿ ಮುಚ್ಚಿಬಿಡಿ" ಅಂದ ಗೌಡ. ಯಾರು ಮುಚ್ಚುತ್ತಾರೆ? ಮುಟ್ಟಿದವನ ಮನೆ ಕೂಸು ಅದರೊಳಗೆ ಹೋದರೆ? ಒಬ್ಬರ ಬೆನ್ನಿಗೆ ಒಬ್ಬರು ಅಡಗಿದರಂತೆ.

"ಅವಳ ಶಕ್ತಿ ಇರೋದು ತಿಪ್ಪೆಯಲ್ಲಿ. ಅದನ್ನ ಸುಡಿ" ಅಂದಳಂತೆ ಗಾಳೆವ್ವ.

ಸುಟ್ಟರು. ಒಣಗಿದ ತಿಪ್ಪೆ ಭಗ್ ಅಂತ ಉರಿಯಲಿಲ್ಲ, ಒಳಗೊಳಗೇ ಬೆಂದಿತು. ವಾರವೆಲ್ಲ ಊರು ಆ ಹೊಗೆಯಲ್ಲೇ ಉಂಡಿತು, ಆ ಹೊಗೆಯಲ್ಲೇ ಮಲಗಿತು. ತಿರಕವ್ವ ಹೊಸ್ತಿಲಲ್ಲಿ ಕುಳಿತು ನೋಡಿದಳು. ಅಳಲಿಲ್ಲ, ಬೈಯಲಿಲ್ಲ. "ನಿನ್ನನ್ನ ಎತ್ತಿಕೊಂಡದ್ದು ಇದರ ಮೇಲಿಂದಲೇ ಕಣಪ್ಪಾ ಗೌಡ" ಅಂದಳಂತೆ, ಅಷ್ಟೇ. ಗೌಡ ಗಾಳಿ ಎತ್ತ ಬೀಸುತ್ತಿದೆ ಅಂತ ನೋಡುತ್ತ ನಿಂತನಂತೆ.

ಮಳೆಗಾಲದಲ್ಲಿ ಮಳೆ ಒಮ್ಮೆ ಬಂತು, ಹೋಯಿತು. ಊರವರ ಹೊಲದಲ್ಲಿ ಮೊಳಕೆ ಕಣ್ಣು ಬಿಟ್ಟು ಅಲ್ಲೇ ಕಣ್ಣು ಮುಚ್ಚಿತು. ತಿರಕವ್ವನ ಕುಣಿಗಳಲ್ಲಿ ಮಾತ್ರ ಸಜ್ಜೆ ಎದೆಯುದ್ದ ಎದ್ದಿತ್ತು. ಕುಣಿಯಲ್ಲಿ ಹಸಿರು, ಸುತ್ತ ಸುಟ್ಟ ಕೆಂಪು. ಊರವರು ನೋಡಿದರು. ತಪ್ಪಾಯಿತು ಅನ್ನುವುದರ ಬದಲು ಆ ಹೊಲ ಬಳಸಿ ಬೇರೆ ದಾರಿ ಹಿಡಿದರಂತೆ.

ಅದೇ ಹೊತ್ತಿಗೆ ನೀಲವ್ವ ನಾಲ್ಕನೆಯದನ್ನು ಹೆತ್ತಳು. ಹೆಣ್ಣು. ಅಳುವುದಕ್ಕೂ ತ್ರಾಣವಿಲ್ಲದ, ಅಳಿಲಿನಂಥ ಕೂಸು. ಸೂಲಗಿತ್ತಿ ಹೊಕ್ಕಳು ಕೊಯ್ದವಳೇ, "ತಡ ಮಾಡಬೇಡ ಗಾಳೆವ್ವ, ತಿಪ್ಪೆಗೆ ಒಯ್ಯಿ" ಅಂದಳಂತೆ.

ಈ ಸಲ ಗಾಳೆವ್ವನ ಬಿಗುಮಾನವೂ ಸತ್ತಿತ್ತು. ಮೊರದಲ್ಲಿ ಕೂಸು, ಮಡಿಲಲ್ಲಿ ತವುಡು. ಮೇಲೋಣಿಗೆ ಹೋದಳು, ತಿಪ್ಪೆಯಿಲ್ಲ. ಕೆಳಗೋಣಿಗೆ ಹೋದಳು, ತಿಪ್ಪೆಯಿಲ್ಲ. ಗೌಡನ ಹಿತ್ತಲಿಗೆ ಹೋದಳು, ಬೆರಣಿಯ ಒಟ್ಟಿಲು ಇದೆ, ತಿಪ್ಪೆಯಿಲ್ಲ. ಇದ್ದದ್ದೊಂದು, ಅದಕ್ಕೆ ಬೆಂಕಿ ಇಡಿಸಿದವಳು ತಾನೇ. ಕೂಸು ಮಲಗಿಸಲು ಒಂದು ಬುಟ್ಟಿ ಕಸವಿಲ್ಲದ ಊರಾಗಿತ್ತಂತೆ ಅದು. ಕೊನೆಗೆ ಉಳಿದದ್ದು ತಿರಕವ್ವನ ಬಾಗಿಲು.

ಆಮೇಲಿನದನ್ನು ಮೊದಲು ಹೇಳಿಬಿಡುತ್ತೇನೆ. ತಿರಕವ್ವ ಕೂಸನ್ನು ಒಯ್ದು ಸಜ್ಜೆಯ ಬುಡದ ಕುಣಿಯಲ್ಲಿ ಮಲಗಿಸಿದಳಂತೆ. ಸುಟ್ಟ ತಿಪ್ಪೆಯಲ್ಲಿ ಉಳಿದದ್ದು ಆ ಕುಣಿಗಳ ತಳದಲ್ಲಿದ್ದಷ್ಟೇ. ತೆನೆ ಮುರಿದು ಬಾಣಂತಿಯ ಅಂಬಲಿಗೆ ಕೊಟ್ಟಳಂತೆ. ತವುಡು ಮುಟ್ಟಲಿಲ್ಲ, ದಿನಕ್ಕೊಂದು ಬುಟ್ಟಿ ಸಗಣಿ ಕೇಳಿದಳಂತೆ. ಅದನ್ನು ತಲೆಯ ಮೇಲೆ ಹೊತ್ತು ಗಾಳೆವ್ವ ನಡುಬೀದಿಯಲ್ಲಿ, ಬಾವಿಕಟ್ಟೆಯ ಮುಂದೆ, ಬಾಯಿ ಬಿಗಿದು ನಡೆದಳಂತೆ, ಬೆನ್ನು ಬಾಗುವ ತನಕ. ಕೂಸಿಗೆ ಕುಣೆವ್ವ ಅಂತ ಹೆಸರಾಯಿತು. ಅದು ಬದುಕಿತು. ಮೊದಲಿನ ಮೂರು ಬರಲಿಲ್ಲ, ಅವು ಬರುವುದಿಲ್ಲ. ಸುಟ್ಟ ಜಾಗದಲ್ಲಿ ಮತ್ತೆ ಮೊದಲಿನಷ್ಟು ತಿಪ್ಪೆ ಏಳುವ ಹೊತ್ತಿಗೆ ಕುಣೆವ್ವ ಮೈನೆರೆದಿದ್ದಳಂತೆ.

ಅವರು ಅಲ್ಲಿ ರೊಟ್ಟಿ ಬಡಿದರು, ನಾವು ಇಲ್ಲಿ ಬಾಯಿ ಬಡಿದೆವು. ಕಥೆ ಮುಗಿಯಿತು. ತಿರಕವ್ವನ ಬಾಗಿಲಲ್ಲಿ ಆಡಿದ ಮಾತೊಂದು ಉಳಿಯಿತು ನೋಡಿ, ಆಣೆ ಇಡಿಸಿದ್ದು ಅದಕ್ಕೇ. ಊರಿಗೆಲ್ಲ ಮಾತು ಹಂಚಿದ ಗಾಳೆವ್ವ ಅಲ್ಲಿ ಕೂಸಿನ ಮೊರವನ್ನಷ್ಟೇ ಮುಂದೆ ಚಾಚಿದಳಂತೆ. ತಿರಕವ್ವ ಕೂಸನ್ನು ನೋಡಿದಳು, ಆಮೇಲೆ ಈಕೆಯ ಮುಖವನ್ನೇ ನೋಡಿ ಅಂದಳಂತೆ:

"ಉಳಿದರೆ ನಿನ್ನ ಪುಣ್ಯ ಅಂತೀಯ, ಹೋದರೆ ನಾನು ತಿಂದೆ ಅಂತೀಯ. ಗೊತ್ತು ಕಣೇ ಗಾಳೆವ್ವ. ಕೊಡು ಇಲ್ಲಿ ಕೂಸು."