ಉಪ್ಪಿನ ಸುಕ್ರ ಮತ್ತು ಮೂರು ಚಿಪ್ಪು

"ಕೇಳ್ರಪ್ಪೋ ಕೇಳಿ! ಅರಸರ ಮಗಳು ನೀಲಾಂಬೆ ಮೂರು ಒಗಟು ಹಾಕ್ತಾರೆ. ಬಿಡಿಸಿದವನೇ ಅರಸರ ಅಳಿಯ. ತಪ್ಪಿದವನಿಗೆ ಸೆರೆ, ಬರೋ ಅಮಾವಾಸ್ಯೆಗೆ ತಲೆದಂಡ!"

ಡಂಗುರ ಬಿದ್ದಾಗ ಸುಕ್ರ ಅರಮನೆ ಅಡುಗೆಮನೆಗೆ ಉಪ್ಪು ಇಳಿಸುತ್ತಿದ್ದ. ಅಪ್ಪ ಅವ್ವ ಯಾರೂ ಇಲ್ಲದವನು. ಕಡಲ ದಡದಿಂದ ಬಯಲುಸೀಮೆವರೆಗೆ ಹತ್ತು ದಿನದ ದಾರಿ, ತಲೆ ಮೇಲೆ ಮೂಟೆ, ಜತೆಗೆ ಅವನ ನೆರಳು ಮಾತ್ರ. ದಾರಿಯಲ್ಲಿ ಹುಳಹುಪ್ಪಟೆ ಕಂಡರೂ ನಿಂತು ಮಾತಾಡಿಸೋನು.

"ಸತ್ತರೆ ಅಳೋರಿಲ್ಲ, ಗೆದ್ದರೆ ಮಾತಿಗೆ ಒಬ್ಬರಾದರೂ ಸಿಕ್ತಾರೆ" ಅಂದುಕೊಂಡು ಅವನೂ ಸಭೆಗೆ ಹೋಗಿ ಕೂತ.

ತಾಯಿಯ ಮುಖವನ್ನೇ ಕಾಣದೆ ಬೆಳೆದವಳು ನೀಲಾಂಬೆ. ನಗು ಅನ್ನೋದು ಅವಳ ಮುಖದಲ್ಲಿ ಇರಲಿಲ್ಲ. "ಬೆನ್ನ ಮೇಲೆ ಚುಕ್ಕಿ ಹೊತ್ತು ನಡೆಯುವವನು ಯಾರು? ಅವನ ಮನೆ ಎಲ್ಲಿ?" ಅಂತ ಕೇಳಿದಳು.

"ಚಿರತೆ!" ಅಂದ ಒಬ್ಬ ರಾಜಕುಮಾರ. ಸೆರೆಮನೆಗೆ ಎಳೆದುಕೊಂಡು ಹೋದರು.

ಪಂಡಿತನೊಬ್ಬ ಗಡ್ಡ ನೀವಿಕೊಂಡ. "ಆಮೆ. ಮನೆ ನೀರಲ್ಲಿ. ಆಮೆಗೆ ನೀರಲ್ಲದೆ ಇನ್ನೇನು?" ಅವನನ್ನೂ ಎಳೆದರು.

ಸುಕ್ರ ಎದ್ದ. ಸಭೆಯೆಲ್ಲ ಗೊಳ್ಳೆಂದಿತು. "ಲೋ, ಇದು ಸಂತೆಯಲ್ಲ ಕಣೋ!"

"ಆಮೆಯೇ, ಅಮ್ಮಣ್ಣಿ. ಆದರೆ ಇದು ನೆಲದಾಮೆ, ನೀರಿಗೆ ಬಿಟ್ಟರೆ ಮುಳುಗಿ ಸಾಯುತ್ತೆ. ಚಿಪ್ಪಿನ ಗುಬುಟು ಗುಬುಟಿನ ಮೇಲೂ ಹಳದಿ ಚುಕ್ಕಿ. ಒಣ ಬಯಲಿನ ಕುರುಚಲು ಗಿಡದ ಬುಡದಲ್ಲಿ ಇರುತ್ತೆ."

ನೀಲಾಂಬೆ ಎರಡನೇ ಒಗಟು ಹಾಕಿದಳು.

"ಕೆರೆ ಒಣಗಿದರೂ ಊರು ಬಿಡದವನು, ಹಿಂಗಾಲಿಗೆ ಕದ ಇಟ್ಟುಕೊಂಡವನು ಯಾರು?"

"ಮೆದುಚಿಪ್ಪಿನ ಆಮೆ. ಬೆನ್ನು ತೊಗಲಿನ ಹಾಗೆ ನುಣುಪು. ಹಿಂಗಾಲು ಒಳಗೆಳೆದರೆ ಮೇಲೊಂದು ತೊಗಲಿನ ಮಡಿಕೆ ಕದದ ಹಾಗೆ ಮುಚ್ಚಿಕೊಳ್ಳುತ್ತೆ. ನೀರು ಬತ್ತಿದರೆ ಕೆಸರೊಳಗೆ ಹೂತು ಮಳೆ ಕಾಯುತ್ತೆ. ನಾನೂ ಅದರ ಪಕ್ಕ ಕೂತು ಎಷ್ಟೋ ಸಲ ಕಾದಿದ್ದೀನಿ."

ನೀಲಾಂಬೆಯ ದನಿ ತಗ್ಗಿತು. "ಹೆತ್ತು ಮುಚ್ಚಿಟ್ಟು, ಮಕ್ಕಳ ಮುಖ ನೋಡದೆ ಹೋದವಳು ಯಾರು? ಅವಳಿಗೆ ಮಕ್ಕಳ ಮೇಲೆ ಪ್ರೀತಿ ಇತ್ತೋ, ಇಲ್ಲವೋ?"

ಈ ಒಗಟಿನ ಕೊನೆಯ ಅರ್ಧ ಅವಳಿಗೇ ಗೊತ್ತಿಲ್ಲ ಅಂತ ಸುಕ್ರನಿಗೆ ತಿಳಿದುಹೋಯಿತು. ತಪ್ಪಿದರೆ ತಲೆ ಹೋಗುತ್ತೆ. ಆದರೂ ಕಂಡದ್ದನ್ನೇ ಹೇಳಿದ.

"ಕಡಲಾಮೆ, ಅಮ್ಮಣ್ಣಿ. ಕಾಲಿನ ಬದಲು ದೋಣಿಯ ಹುಟ್ಟು ಇದ್ದ ಹಾಗಿರುತ್ತೆ ಅದಕ್ಕೆ. ಮೊಟ್ಟೆ ಇಡುವಾಗ ಕಣ್ಣಲ್ಲಿ ನೀರು ಸುರಿಯುತ್ತೆ. ಅಳ್ತಾಳೆ ಅಂತಾರೆ ಜನ. ಅದು ಕಡಲ ಉಪ್ಪು, ನಾನು ಉಪ್ಪಿನವನು, ನನಗೆ ಗೊತ್ತು. ಪ್ರೀತಿ ಇರೋದು ಅವಳ ಕಾಲಲ್ಲಿ. ನೆಲದ ಮೇಲೆ ನಡೆಯೋಕೆ ಬರಲ್ಲ, ಏದುಸಿರು ಬಿಡ್ತಾಳೆ. ಆದರೂ ನರಿಗೆ ಗುರುತು ಸಿಗಬಾರದು ಅಂತ ಮರಳು ಎಳೆದೆಳೆದು, ತಟ್ಟಿ ತಟ್ಟಿ ಸಮ ಮಾಡ್ತಾಳೆ. ಪ್ರೀತಿ ಇಲ್ಲದವಳು ಅಷ್ಟು ಹೊತ್ತು ಮರಳು ತಟ್ಟುತ್ತಾಳಾ, ಅಮ್ಮಣ್ಣಿ?"

ನೀಲಾಂಬೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹುಟ್ಟಿದಾಗಿನಿಂದ ಅವಳು ಅತ್ತಿದ್ದನ್ನು ಯಾರೂ ನೋಡಿರಲಿಲ್ಲ.

"ಮೂರೂ ಬಿಡಿಸಿದೆ. ಮದುವೆಯ ಜತೆಗೆ ಇನ್ನೇನು ಬೇಕು ಕೇಳಪ್ಪ" ಅಂದ ಅರಸ.

"ಸೆರೆಯಲ್ಲಿರೋರನ್ನ ಬಿಡಿ, ಬುದ್ಧಿ. ಅವರು ನಾನು ನಡೆದ ದಾರಿ ನಡೆದವರಲ್ಲ, ಅಷ್ಟೆ."

ಸೆರೆಯವರು ಬಿಡುಗಡೆಯಾದರು, ಮದುವೆಯೂ ಆಯಿತು. ಮರುದಿನವೇ ನೀಲಾಂಬೆ ಗಂಡನ ಜತೆ ಉಪ್ಪಿನ ದಾರಿ ಹಿಡಿದಳು. ಹತ್ತನೇ ದಿನ ಕಡಲು ಸಿಕ್ಕಿತು. ಮರಳ ಮೇಲೆ ಒಬ್ಬ ತಾಯಿ ಬಂದುಹೋದ ಜಾಡು. ನೀಲಾಂಬೆ ಮಂಡಿಯೂರಿ, ಆ ಸಮ ಮಾಡಿದ ಮರಳ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು.

ಕತೆ ಕಡಲು ಸೇರಿತು, ನಾವು ಮನೆ ಸೇರೋಣ.