ಬಂದೀವಿ ಗುಡ್ಡ

ಬೀದರ ಕಡೆಯ ಕೆಂಪು ನೆಲದಲ್ಲಿ, ಕರಕಿಹಾಳ ಎಂಬ ಊರು ದಾಟಿ ಹಳ್ಳದ ಗುಂಟ ನಡೆದರೆ ಬಲಕ್ಕೆ ಒಂದು ಬೋಳು ಗುಡ್ಡ ಕಾಣುತ್ತದೆ. ಹೇಳಿಕೊಳ್ಳುವಷ್ಟು ಎತ್ತರವಿಲ್ಲ, ಮೇಲೆ ಗುಡಿಯಿಲ್ಲ, ಕೋಟೆಯಿಲ್ಲ. ರಸ್ತೆ ಬದಿಯ ಫಲಕದಲ್ಲಿ ಅದನ್ನು ‘ಬಂಡಿಗುಡ್ಡ’ ಎಂದು ಬರೆದಿದ್ದಾರೆ. ವರ್ಷಕ್ಕೊಮ್ಮೆ, ಜೋಳದ ರಾಶಿ ಮುಗಿದ ಮೇಲೆ, ಸುತ್ತಲಿನ ಹಳ್ಳಿಗಳ ಮೆಥೋಡಿಸ್ಟ್ ಕ್ರೈಸ್ತ ಸಭೆಯವರು ಹಳ್ಳದ ಈಚೆ ದಂಡೆಯ ಬಯಲಿನಲ್ಲಿ ಡೇರೆ ಹೊಡೆದು ವಾರವಿಡೀ ಪ್ರಾರ್ಥನೆಯ ಜಾತ್ರೆ ನಡೆಸುತ್ತಾರೆ. ಹಿಂದಿನವರು ಬಂಡಿ ಕಟ್ಟಿಕೊಂಡು ಬರುತ್ತಿದ್ದುದರಿಂದ ಈ ಹೆಸರು ಬಂದಿರಬೇಕೆಂದು ಹೊಸಬರು ತಿಳಿಯುತ್ತಾರೆ. ಜಾತ್ರೆಯ ಹಿರಿಯರು ಅದನ್ನು ಒಪ್ಪುವುದಿಲ್ಲ. ಅದು ‘ಬಂದೀವಿ’ ಗುಡ್ಡ, ನಾವು ಬಂದಿದ್ದೇವೆ ಎಂದು ಮಾತಾಡಿದ ಗುಡ್ಡ ಎನ್ನುತ್ತಾರೆ. ಆ ಮಾತನ್ನು ಅದರಿಂದ ಆಡಿಸಿದವನು ಇಸಾಕಪ್ಪ.

ನಿಜಾಮರ ಆಳ್ವಿಕೆಯ ಕಾಲದಲ್ಲಿ ಇಸಾಕಪ್ಪ ಕರಕಿಹಾಳದಲ್ಲಿದ್ದ. ಅವನ ತಾತ ಮುತ್ತಾತಂದಿರು ಹಲಗಿ ಬಾರಿಸಿ ಊರಿಗೆ ಡಂಗುರ ಸಾರುತ್ತಿದ್ದವರು. ಯಾರ ಹೊಸ್ತಿಲನ್ನೂ ತುಳಿಯದೆ, ಓಣಿಯಲ್ಲೇ ನಿಂತು ಗೌಡರ ಅಪ್ಪಣೆಯನ್ನು ಕೂಗುತ್ತಿದ್ದವರು. ಸಭೆಗೆ ಸೇರಿದ ಮೇಲೆ ಅವನು ಹಲಗಿ ಬಿಟ್ಟ, ದನಿ ಮಾತ್ರ ಉಳಿಯಿತು. ಜಾತ್ರೆಯ ಮೊದಲ ದಿನ ಮಧ್ಯಾಹ್ನ ಅವನು ಬಯಲಿನ ನಡುವಿನ ಕಲ್ಲಿನ ಮೇಲೆ ನಿಂತು ಒಂದೊಂದೇ ಹಳ್ಳಿಯ ಹೆಸರು ಹಿಡಿದು ಕೂಗಬೇಕು; ಆ ಹಳ್ಳಿಯ ಡೇರೆಗಳಿಂದ ಜನ ಎದ್ದು ನಿಂತು “ಬಂದೀವಿ!” ಎನ್ನಬೇಕು. ಎಲ್ಲ ಹಳ್ಳಿಗಳೂ ಓಗೊಟ್ಟ ಮೇಲೆಯೇ ಪಾದ್ರಿಗಳು ಪ್ರಾರ್ಥನೆ ಆರಂಭಿಸುವರು. ಜನ್ಮವೆಲ್ಲ ಪರರ ಅಪ್ಪಣೆ ಕೂಗಿದ ಮನೆತನದ ಇಸಾಕಪ್ಪನಿಗೆ ತನ್ನವರನ್ನು ತಾನೇ ಕರೆಯುವ ಆ ದಿನವೇ ದೊಡ್ಡ ಹಬ್ಬ. ಮುಂಜಾನೆಯಿಂದ ಉಪವಾಸವಿದ್ದು, ಒಗೆದ ರುಮಾಲು ಸುತ್ತಿ ಕಲ್ಲು ಹತ್ತುತ್ತಿದ್ದ. ಅವನ ಒಬ್ಬಳೇ ಮಗಳು ಎಸ್ತರಮ್ಮನನ್ನು ಗುಡ್ಡದ ಆಚೆಯ ಹೊನ್ನಳವಾಡಿಗೆ ಕೊಟ್ಟಿತ್ತು. ಆ ಊರಿನ ಸರದಿ ಬಂದಾಗ ಅವನು ಕಿವಿ ನಿಮಿರಿಸಿ ಕಾಯುವನು. ಅಷ್ಟು ಜನರ ನಡುವೆಯೂ ಮಗಳ ದನಿ ಗುರುತು ಸಿಗುತ್ತಿತ್ತು. ಎಲ್ಲರೂ ನಿಲ್ಲಿಸಿದ ಮೇಲೂ ಅವಳು ಕೊನೆಯ ಅಕ್ಷರವನ್ನು ಅಪ್ಪನ ಹಾಗೆಯೇ ತುಸು ಎಳೆಯುವಳು.

ಹೀಗಿರುವಾಗ ಒಂದು ವರ್ಷ ಬೇಸಿಗೆ ಬೇಗ ಬಂತು, ಅದರ ಬೆನ್ನಿಗೇ ಕಾಲರಾ ಬಂತು. ಜಾತ್ರೆಗೆ ಜನ ಸೇರುವ ಹೊತ್ತಿಗೆ ಹೊನ್ನಳವಾಡಿಯಲ್ಲಿ ಹೆಣಗಳು ಬೀಳುತ್ತಿವೆ ಎಂಬ ಸುದ್ದಿ ಮುಟ್ಟಿತ್ತು. ಆ ಊರಿನವರು ಬರಲಾರರೆಂದೇ ಎಲ್ಲರೂ ನಂಬಿದ್ದರು. ಆದರೆ ಇಸಾಕಪ್ಪ ಕಲ್ಲು ಹತ್ತುವ ಮುಂಚೆಯೇ ಗುಡ್ಡದ ನೆತ್ತಿಯಲ್ಲಿ ಧೂಳೆದ್ದಿತು. ಬದುಕಿ ಉಳಿದವರೆಲ್ಲ ಎರಡು ಬಂಡಿ ಕಟ್ಟಿಕೊಂಡು, ಪ್ರಾರ್ಥನೆಯೊಂದೇ ತಮ್ಮನ್ನು ಕಾಯಬಲ್ಲದೆಂದು ನಂಬಿ ಇಳಿದು ಬರುತ್ತಿದ್ದರು. ಈಚೆ ಡೇರೆಗಳ ತುಂಬ ಹಸುಗೂಸುಗಳು, ಬಸುರಿಯರು. ಕುಡಿಯಲು ಇದ್ದುದು ಅದೇ ಹಳ್ಳದ ನೀರು. ಹಿರಿಯರು ಗುಂಪುಗೂಡಿ ಮಾತಾಡಿಕೊಂಡರು. ಪಾದ್ರಿ ಸೀಲಾಸಯ್ಯನವರು ಒಳ್ಳೆಯವರೇ. ಅವರ ಮುಖ ಬಿಳಚಿತ್ತು. ಅವರು ಇಸಾಕಪ್ಪನನ್ನು ಕರೆದು, “ಹತ್ರ ಹೋಗಬ್ಯಾಡ. ಈ ದಂಡಿಯಿಂದಲೇ ಕೂಗಿ ಹೇಳು. ಹಿಂದಕ್ಕ ಹೋಗಲಿ. ಔಷಧ, ಗಂಜಿ ನಾಳೆ ಕಳಸ್ತೀವಿ” ಎಂದರು.

“ಅಯ್ಯನವರೇ, ಅವರೊಳಗ ನನ್ನ ಮಗಳದಾಳ,” ಎಂದ ಇಸಾಕಪ್ಪ.

“ಅದಕ್ಕೇ ನಿನ್ನ ಮಾತು ಕೇಳ್ತಾರ,” ಎಂದು ಪಾದ್ರಿಗಳು ನೆಲ ನೋಡಿದರು.

ಅವನು ಹಳ್ಳದ ದಂಡೆಗೆ ಹೋಗಿ ನಿಂತ. ಅವನ ರುಮಾಲು ಕಂಡದ್ದೇ ತಡ, ಆಚೆಯವರು ಇಂದು ತಮ್ಮ ಊರಿನ ಸರದಿಯೇ ಮೊದಲು ಬಂತೆಂದು ತಿಳಿದು, ಅವನು ಬಾಯಿ ತೆರೆಯುವ ಮೊದಲೇ “ಬಂದೀವಿ!” ಎಂದರು. ಕೊನೆಗೆ ಎಳೆದ ದನಿಯೊಂದು ಉಳಿಯಿತು. ಇಸಾಕಪ್ಪ ಕಣ್ಣು ಮುಚ್ಚಿಕೊಂಡು ಕೂಗಿದ. “ಹೊನ್ನಳವಾಡಿಯವರೇ, ಹಿಂದಕ್ಕ ಹೋಗ್ರಿ! ಇಲ್ಲಿ ಸಣ್ಣ ಕೂಸುಗಳವ. ಹಿಂದಕ್ಕ ಹೋಗ್ರಿ!”

ಆಚೆ ಬಂಡಿಗಳು ನಿಂತವು. ಆಮೇಲೆ ಎಸ್ತರಮ್ಮ ಬಂಡಿಯಿಂದಿಳಿದು ಮುಂದೆ ಬಂದಳು. “ಯಪ್ಪಾ, ನಾ ಎಸ್ತರ. ನನ್ನ ಕೂಸಿಗಿ ನೀರಡಿಕಿ ಆಗ್ಯಾದ. ಹಳ್ಳದಾಗ ಒಂದು ತಂಬಿಗಿ ತುಂಬಿಕೊಳ್ಳಲೇನು?”

ಇಸಾಕಪ್ಪ ಹಿಂದೆ ತಿರುಗಿ ನೋಡಿದ. ಹಿರಿಯರು ತಲೆ ಅಲ್ಲಾಡಿಸಿದರು. “ಬ್ಯಾಡ ಯವ್ವಾ,” ಎಂದ, “ಮುಟ್ಟಬ್ಯಾಡ. ಹೋಗು.” ಚಿಕ್ಕಂದಿನಿಂದಲೂ ಅವಳು ಅಪ್ಪನ ಮಾತು ಮೀರಿದವಳಲ್ಲ. ತಂಬಿಗೆಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ತಿರುಗಿದಳು. ಬಂಡಿಗಳು ಗುಡ್ಡ ಹತ್ತಿ ಮರೆಯಾದವು.

ಮರುದಿನ ಗಂಜಿ ಹೊತ್ತು ಹೋದವರು ಗುಡ್ಡದ ನೆತ್ತಿಯಿಂದಲೇ ಮರಳಿದರು. ಆಚೆಯ ಇಳಿಜಾರಿನಲ್ಲಿ ಬಂಡಿಗಳು ನಿಂತಲ್ಲೇ ನಿಂತಿದ್ದವು, ಕುಡಿಯಲು ಅಲ್ಲಿ ಜೀವಂತ ಯಾರೂ ಇಲ್ಲದೆ ಗಂಜಿ ತಣ್ಣಗಾಯಿತು. ಊರು ಮುಟ್ಟಿದ ಕೆಲವರು ಬೇರೆ ಸೀಮೆಗೆ ಹೋಗಿ ಕಣ್ಮರೆಯಾದರು. ಯಾರೆಷ್ಟು ತಡೆದರೂ ಕೇಳದೆ ಇಸಾಕಪ್ಪ ಗುದ್ದಲಿ ಹಿಡಿದು ಹೋದ. ಬಂಡಿಯ ನೆರಳಿನಲ್ಲಿ ಮಲಗಿದ್ದ ಮಗಳನ್ನೂ ಮೊಮ್ಮಗನನ್ನೂ ಒಂದೇ ಗುಂಡಿಯಲ್ಲಿಟ್ಟ, ಉಳಿದವರಿಗೂ ಮಣ್ಣು ಕೊಟ್ಟ. ಮನೆಗೆ ಬಂದಾಗ ಹೆಂಡತಿ ರಾಹೇಲಮ್ಮ ಕೇಳಿದ್ದು ಒಂದೇ ಮಾತು: “ಅಕಿಗಿ ಏನಂದಿ?” ಅವನು ಹೇಳಿದ. ಅಂದಿನಿಂದ ಅವನು ಕರೆದರೆ ಅವಳು ಓಗೊಡಲಿಲ್ಲ. ರೊಟ್ಟಿ ಬಡಿದಿಡುವಳು, ನೀರು ಕೊಡುವಳು, ಮಾತಿಲ್ಲ.

ಮರುವರ್ಷದ ಜಾತ್ರೆಗೆ ಮುನ್ನ ಹಿರಿಯರು, ಹೊನ್ನಳವಾಡಿಯ ಹೆಸರು ಇನ್ನು ಬೇಡ, ಕೇಳಿದವರಿಗೂ ಸಂಕಟ ಎಂದರು. ಜಾತ್ರೆಯ ದಿನ ಇಸಾಕಪ್ಪ ಮಧ್ಯಾಹ್ನದ ರಣಬಿಸಿಲಿನಲ್ಲಿ ಕಲ್ಲು ಹತ್ತಿ ಎಲ್ಲ ಹಳ್ಳಿಗಳನ್ನೂ ಕೂಗಿದ, ಎಲ್ಲವೂ ಓಗೊಟ್ಟವು. ಪಾದ್ರಿಗಳು ಪ್ರಾರ್ಥನೆಗೆ ಕೈಯೆತ್ತಿದರು. ಆಗ ಇಸಾಕಪ್ಪ ಜನರಿಗೆ ಬೆನ್ನು ಮಾಡಿ, ಗುಡ್ಡದ ಕಡೆ ತಿರುಗಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಕೂಗಿದ: “ಹೊನ್ನಳವಾಡೀ!”

ಅಳುತ್ತಿದ್ದ ಕೂಸುಗಳೂ ಸುಮ್ಮನಾದವು ಎನ್ನುತ್ತಾರೆ. ಮಲಗಿ ಮೆಲುಕು ಹಾಕುತ್ತಿದ್ದ ಎತ್ತುಗಳು ಒಮ್ಮೆಲೇ ಎದ್ದು ನಿಂತವು. ಒಂದು ಹುಲ್ಲುಕಡ್ಡಿಯೂ ಅಲುಗದ ಆ ಬೋಳು ಗುಡ್ಡದಿಂದ, ತಡವಾಗಿ, ದಣಿದ ಹಲವು ಕಂಠಗಳು ಒಟ್ಟಿಗೆ “ಬಂದೀವಿ” ಎಂದವು. ಎಲ್ಲ ನಿಂತ ಮೇಲೂ ಒಂದು ದನಿ ಎಳೆಯುತ್ತಲೇ ಇತ್ತು. ಮಾರ್ದನಿಯೆಂದು ಸಮಾಧಾನ ಪಟ್ಟುಕೊಳ್ಳಲೂ ದಾರಿಯಿರಲಿಲ್ಲ, ಮಾರ್ದನಿಯಾಗಿದ್ದರೆ ಊರಿನ ಹೆಸರು ತಿರುಗಿ ಬರಬೇಕಿತ್ತು. ಪಾದ್ರಿಗಳು ಮೊಣಕಾಲೂರಿದರು. ಇಸಾಕಪ್ಪ ಕಲ್ಲಿನಿಂದ ಇಳಿಯಲಿಲ್ಲ.

ಎದ್ದವಳು ರಾಹೇಲಮ್ಮ. ಡೇರೆಯ ಮುಂದಿದ್ದ ನೀರಿನ ಕೊಡವನ್ನು ಸೊಂಟಕ್ಕೇರಿಸಿಕೊಂಡು ಹಳ್ಳ ದಾಟಿದಳು. ಇಸಾಕಪ್ಪ ಹಿಂದೆ ಹೋದ, ಅವನ ಹಿಂದೆ ಒಬ್ಬೊಬ್ಬರಾಗಿ ಜನ. ಗುಡ್ಡದ ಮೇಲೆ ಬಿಸಿಲು ಮತ್ತು ಕಲ್ಲು ಬಿಟ್ಟು ಏನೂ ಇರಲಿಲ್ಲ. ರಾಹೇಲಮ್ಮ ಕೊಡವನ್ನು ಕೆಳಗಿಟ್ಟು, ಬಾಗಿಲಿಗೆ ಬಂದವರನ್ನು ಕರೆಯುವ ಹಾಗೆ, “ಬಾ ಯವ್ವಾ. ಎಲ್ಲಾರನೂ ಕರಕೊಂಡು ಒಳಗ ಬಾ,” ಎಂದಳು. ಆಮೇಲೆ ಇಳಿಯತೊಡಗಿದಳು. ದಣಿದವರು ಜೊತೆಗಿದ್ದರೆ ಹೇಗೋ ಹಾಗೆ, ಅಲ್ಲಲ್ಲಿ ನಿಂತು, ನಿಧಾನವಾಗಿ ಇಳಿದಳು. ಇಸಾಕಪ್ಪನಿಗೆ ತನ್ನ ಎಡಗಡೆ ಯಾರೋ ನಡೆಯುತ್ತಿದ್ದಾರೆ ಅನ್ನಿಸಿತು. ಅವನು ತಿರುಗಿ ನೋಡಲಿಲ್ಲ. ಆ ಕಡೆಯವರಿಗೆ ದಾರಿ ಬಿಟ್ಟುಕೊಟ್ಟು, ತಾನು ಕಲ್ಲುಮುಳ್ಳಿನ ಮೇಲೆ ಕಾಲಿಟ್ಟ.

ಬಯಲಿಗೆ ಬಂದು ರಾಹೇಲಮ್ಮ ಡೇರೆಗಳ ನಡುವೆ ಒಂದಷ್ಟು ನೆಲವನ್ನು ಗುಡಿಸಿ ನೀರು ಚಿಮುಕಿಸಿದಳು. ಹೊನ್ನಳವಾಡಿಯವರು ಪ್ರತಿ ವರ್ಷ ಇಳಿಯುತ್ತಿದ್ದ ಜಾಗ ಅದು. ಆಮೇಲೆ ಗಂಡನ ಕಡೆ ನೋಡಿ, “ಈ ಹಗ್ಗದ ತುದಿ ಹಿಡಿ,” ಎಂದಳು. ವರ್ಷದ ಮೇಲೆ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. ಇಬ್ಬರೂ ಆ ನೆಲದ ಸುತ್ತ ಹಗ್ಗ ಕಟ್ಟಿದರು. ಸೀಲಾಸಯ್ಯನವರು ಅಂದಿನ ಪ್ರಾರ್ಥನೆಯಲ್ಲಿ “ಕರ್ತನೇ, ಈಗ ಎಲ್ಲಾರೂ ಬಂದಾರ” ಎಂದಷ್ಟೇ ಹೇಳಿ ಅತ್ತರಂತೆ.

ಇಸಾಕಪ್ಪ ಬದುಕಿರುವವರೆಗೂ ಆ ಊರನ್ನು ಕೂಗಿದ. ಗುಡ್ಡ ಮತ್ತೆ ಓಗೊಟ್ಟಿತೇ ಎಂದು ಕೇಳಿದರೆ ಹಿರಿಯರು ಮಾತು ಬದಲಿಸುತ್ತಾರೆ. ಹೊನ್ನಳವಾಡಿ ಇಂದು ಯಾವ ನಕ್ಷೆಯಲ್ಲೂ ಇಲ್ಲ. ವರ್ಷಕ್ಕೊಂದು ಮಧ್ಯಾಹ್ನ, ಈಗ ಮೈಕಿನಲ್ಲಿ, ಅದರ ಹೆಸರು ಕೇಳಿಸುತ್ತದೆ, ಸಾವಿರಾರು ಜನ ಉಸಿರು ಬಿಗಿಹಿಡಿದು ಗುಡ್ಡದ ಕಡೆ ನೋಡುತ್ತಾರೆ. ಜಾತ್ರೆ ಈಗ ದೊಡ್ಡದಾಗಿದೆ, ಡೇರೆಗೆ ಜಾಗ ಸಿಗುವುದೇ ಕಷ್ಟ. ಆದರೂ ಬಯಲಿನ ನಡುವೆ, ಗುಡಿಸಿ ನೀರು ಚಿಮುಕಿಸಿದ ಒಂದು ತುಂಡು ನೆಲ ಖಾಲಿಯಾಗಿ ಕಾಣುತ್ತದೆ. ಪ್ರತಿ ವರ್ಷವೂ ದೂರದ ಊರಿನ ಯಾವುದೋ ಹೊಸ ಸಂಸಾರ ಸಂತೋಷದಿಂದ ಅಲ್ಲಿ ಗಂಟುಮೂಟೆ ಇಳಿಸಿ ಗೂಟ ಹೊಡೆಯಲು ಹೋಗುತ್ತದೆ. ಆಗ ಪಕ್ಕದ ಡೇರೆಯಿಂದ ಯಾರಾದರೂ ಮುದುಕಿ ಎದ್ದು ಬಂದು ಮೆಲ್ಲನೆ ಹೇಳುತ್ತಾಳೆ: “ಅಲ್ಲಿ ಬ್ಯಾಡ ತಂಗಿ. ಅಲ್ಲಿ ಮಂದಿ ಅದಾರ.”