ಕೆರೆ ಕುಡಿದವನ ಹೆಂಡತಿ

ಬನ್ರಪ್ಪ, ಹತ್ತಿರ ಬನ್ನಿ. ಎಲೆ ಅಡಿಕೆ ಹಾಕ್ಕೊಳ್ಳೋರು ಈಗಲೇ ಹಾಕ್ಕೊಂಬಿಡಿ. ಕಥೆ ನಡುವೆ ಸುಣ್ಣ ಕೇಳಿದರೆ ನಾನು ಎದ್ದು ಹೋಗ್ತೀನಿ.

ಏಳು ಬೆಟ್ಟದ ಆಚೆ ಒಗ್ಗರಣಾವತಿ ಅಂತ ಒಂದು ರಾಜ್ಯ. ಆ ರಾಜ್ಯಕ್ಕೆ ಒಂದೇ ಒಂದು ಕೆರೆ. ಎಂಥಾ ಕೆರೆ ಅಂತೀರಿ! ಈ ದಡದಲ್ಲಿ ನಿಂತು ಕೂಗಿದರೆ, ಆ ಕೂಗು ಆಚೆ ದಡ ಮುಟ್ಟೋ ಹೊತ್ತಿಗೆ ಕೂಗಿದವನು ಮೊಮ್ಮಕ್ಕಳನ್ನ ಎತ್ತಿ ಆಡಿಸ್ತಿದ್ದ. ಸುಳ್ಳಲ್ಲ, ನಾನೇ ಈಜಿದ್ದೀನಿ. ಹೋಗುವಾಗ ನನ್ನ ಮೀಸೆ ಕಪ್ಪಗಿತ್ತು. ತಿರುಗಿ ಬಂದಾಗ ಹೀಗೆ ಬೆಳ್ಳಗಿತ್ತು.

ಆ ರಾಜ್ಯ ಆಳ್ತಿದ್ದವನು ಬೆದರಪ್ಪ ನಾಯಕ. ಮಹಾ ಪುಕ್ಕಲ. ಕನ್ನಡಿ ನೋಡಿದರೆ ಕಾವಲುಗಾರರನ್ನ ಕೂಗ್ತಿದ್ದ. ಒಂದು ಮಧ್ಯಾಹ್ನ ಉಂಡು ಮಲಗಿದಾಗ ಅವನಿಗೆ ಕನಸು ಬಿತ್ತು. ಯಾರೋ ಕಳ್ಳ ಬಂದು ಕೆರೆಯನ್ನ ಚಾಪೆ ಸುತ್ತಿದ ಹಾಗೆ ಸುತ್ತಿ, ಕಂಕುಳಲ್ಲಿ ಇಟ್ಕೊಂಡು ಹೋಗ್ತಿದ್ದ. ರಾಜ ಬೆವೆತು ಎದ್ದ.

"ನನ್ನ ಕೆರೆ ಕದಿಯೋಕೆ ಸಂಚು ನಡೀತಿದೆ! ಹಿಡ್ಕೊಂಡು ಬನ್ನಿ! ಹೊಡೆದು ಕೇಳಿ!"

ಆಸ್ಥಾನದ ಶಾಸ್ತ್ರಿ ಕೈ ಮುಗಿದ. "ಬುದ್ಧೀ, ಹೊಡೆಯೋದು ಮಹಾಪಾಪ. ಅದೇ, ಕರೆದು ಕೂರಿಸಿ ಊಟ ಹಾಕಿದರೆ ಮಹಾಪುಣ್ಯ. ಊಟ ಎಂಥಾದ್ದು ಅನ್ನೋದನ್ನ ಶಾಸ್ತ್ರ ಕೇಳೋದಿಲ್ಲ."

ರಾಜನಿಗೆ ಅರ್ಥವಾಯಿತು. ಅರಮನೆ ಪಂಕ್ತಿಗೆ ಬಡಿಸ್ತಿದ್ದ ಸೌಟು ಸಂಕಪ್ಪನನ್ನ ಕರೆಸಿದ. ಆವತ್ತಿಂದ ಸಂಕಪ್ಪ ಮತ್ತವನ ಬಡಿಸೋ ಆಳುಗಳದ್ದೇ ವಿಚಾರಣೆ.

ಆ ಊರಲ್ಲಿ ಒಂದು ಪದ್ಧತಿ ಇತ್ತು. ಅತಿಥಿ ಎಲೆಯಲ್ಲಿ ಬಿಟ್ಟು ಏಳಬಾರದು. ಎಲೆ ಬರಿದಾಗೋ ತನಕ ಲೋಟಕ್ಕೆ ಕೈ ಹಾಕಬಾರದು. ಸಂಕಪ್ಪ ಈ ಪದ್ಧತಿಯನ್ನೇ ಹಿಡ್ಕೊಂಡ. ಯಾರ ಮೇಲೆ ಸಂಶಯ ಬಂತೋ ಅವನನ್ನ ಮಣೆ ಹಾಕಿ ಕೂರಿಸೋದು. ಎಲೆ ತುಂಬ ಬೆಂಕಿಮೂತಿ ಮೆಣಸಿನಕಾಯಿ ಚಟ್ನಿ ಬಡಿಸೋದು. ಇಬ್ಬರು ಆಳುಗಳು ಪ್ರೀತಿಯಿಂದ ಹೆಗಲು ಒತ್ತಿ ಹಿಡಿಯೋದು. "ಇನ್ನೊಂಚೂರು ಹಾಕ್ಕೊಳ್ಳಿ, ಸಂಕೋಚ ಮಾಡ್ಕೋಬೇಡಿ" ಅನ್ನೋದು. ನೀರು ಕೇಳಿದರೆ, "ಮೊದಲು ನಿಜ, ಆಮೇಲೆ ನೀರು."

ಆ ಮೆಣಸಿನಕಾಯಿ ಸಾಮಾನ್ಯದ್ದಲ್ಲ. ಗಿಡದ ಮೇಲೆ ಕೂತ ಕಾಗೆ ಕೋಗಿಲೆ ಥರ ಕೂಗ್ತಿತ್ತು. ಒಂದು ಕಾಯಿ ಕೆರೆಗೆ ಬಿದ್ದರೆ ಊರಿಗೆಲ್ಲ ಸ್ನಾನಕ್ಕೆ ಬಿಸಿನೀರು. ನಾನೊಬ್ಬ ಸಲೀಸಾಗಿ ತಿಂದಿದ್ದೀನಿ, ಬಿಡಿ. ಎಲ್ಲರೂ ನನ್ನ ಥರ ಇರ್ತಾರಾ?

ಮೊದಲು ಒಬ್ಬ ಗಾಣಿಗನನ್ನ ಕೂರಿಸಿದರು. ಎರಡು ತುತ್ತು ಇಳೀತು. "ಕೆರೆ ಕದಿಯೋನು ಯಾರು?" "ನನ್ನ ಬಾವಮೈದ! ಅವನೇ!" ಅಂದ.

ಬಾವಮೈದನನ್ನ ಕೂರಿಸಿದರು. "ಕೆರೆ ಹೆಂಗೆ ಕದೀತೀಯ?" "ಜರಡೀಲಿ ತುಂಬ್ಕೊಂಡು ಹೋಗ್ತೀವಿ! ನಾವು ನಲವತ್ತು ಜನ!" ಅಂದ. ಜರಡಿ ಇಟ್ಟುಕೊಂಡವರನ್ನೆಲ್ಲ ಎಳೆದು ತಂದರು.

ಮೂರನೆಯವನು ಅಂಬಿಗರ ದ್ಯಾವಣ್ಣ. ಆ ಕೆರೆಯಲ್ಲಿ ಹರಿಗೋಲು ಹಾಕಿ ಜನರನ್ನ ದಾಟಿಸ್ತಿದ್ದ ಬಡಪಾಯಿ. ಅವನ ತಪ್ಪು ಏನು? ದಿನಾ ಕೆರೆ ಕಡೆ ನೋಡ್ತಿದ್ದ, ಅಷ್ಟೇ. ಮೂರು ತುತ್ತು ಇಳಿದ ಮೇಲೆ ಅವನ ಕಣ್ಣ ಮುಂದೆ ಬೇರೇನೂ ಇಲ್ಲ, ಬರೀ ನೀರು, ನೀರು, ನೀರು.

"ಕೆರೆ ಏನು ಮಾಡಬೇಕು ಅಂತಿದ್ದೀಯ?"

"ಕುಡೀಬೇಕು!"

"ಎಷ್ಟು?"

"ಪೂರ್ತಿ!"

"ಅಂದ್ರೆ, ಕುಡಿದುಬಿಟ್ಟಿದ್ದೀಯಾ?"

"ಕುಡಿದೆ! ತಳ ಕಾಣೋ ಹಂಗೆ ಕುಡಿದೆ! ಒಂದು ಲೋಟ ನೀರು ಕೊಡ್ರಪ್ಪಾ!"

ಅವನನ್ನ ಸೆರೆಮನೆಗೆ ತಳ್ಳಿ ಡಂಗುರ ಹೊಡೆಸಿದರು. "ಕೇಳಿರಿ, ಕೇಳಿರಿ! ಕೆರೆ ಕಳ್ಳ ಸಿಕ್ಕಿದ. ಅಂಬಿಗರ ದ್ಯಾವಣ್ಣ ಕೆರೆ ಕುಡಿದು ಖಾಲಿ ಮಾಡಿದ್ದಾನೆ!" ಹೆಂಗಸರು ಆ ಡಂಗುರ ಕೇಳಿದ್ದು ಅದೇ ಕೆರೆಯಲ್ಲಿ ಕೊಡ ತುಂಬಿಸ್ತಾ. ಯಾರಾದರೂ ಬಾಯಿ ಬಿಟ್ಟರೋ? ಊಹೂಂ. ಬಾಯಿ ಬಿಟ್ಟರೆ ಊಟಕ್ಕೆ ಕರೀತಾರೆ.

ಬೆದರಪ್ಪ ನಾಯಕ ಆಮೇಲೆ ಬಹಳ ದಿನ ಆಳಲಿಲ್ಲ. ಒಂದು ದಿನ ತನ್ನ ನೆರಳನ್ನೇ ಕಂಡು ಹೆದರಿ ಕುದುರೆ ಹತ್ತಿ ಓಡಿದ. ನೆರಳೂ ಜೊತೆಗೇ ಓಡಿತು. ಇನ್ನೂ ಓಡ್ತಾನೇ ಇದ್ದಾನೆ.

ಪಟ್ಟಕ್ಕೆ ಬಂದವನು ಅವನ ಅಕ್ಕನ ಮಗ ಮುದ್ದಯ್ಯ ನಾಯಕ. ಒಳ್ಳೇ ಮನುಷ್ಯ. ಬಂದ ದಿನವೇ ಖಾರ ರುಬ್ಬೋ ಒರಳನ್ನ ಒಡೆಸಿಹಾಕಿದ. "ಇನ್ನು ಮೇಲೆ ನನ್ನ ರಾಜ್ಯದಲ್ಲಿ ಈ ಊಟ ಇಲ್ಲ" ಅಂದ. ಜನ ಕುಣಿದರು.

"ಹಂಗಾದ್ರೆ ಊಟ ಹಾಕಿದವರನ್ನ ವಿಚಾರಿಸ್ತೀರಾ ಬುದ್ಧೀ?" ಅಂತ ಕೇಳಿದರು.

ರಾಜ ಗಂಟಲು ಸರಿ ಮಾಡ್ಕೊಂಡ. "ಹಿಂದಿನದು ಹಿಂದಾಯ್ತು. ಮುಂದೆ ನೋಡೋಣ. ಇವತ್ತಿಂದ ಯಾರೂ ಹಿಂದೆ ತಿರುಗಿ ನೋಡಕೂಡದು!"

ಅದೇ ಆಜ್ಞೆಯಾಯಿತು. ಗಾಡಿ ಹೊಡೆಯೋರು ಹಿಂದೆ ನೋಡಲಿಲ್ಲ, ಮೂಟೆಗಳು ದಾರಿಯುದ್ದಕ್ಕೂ ಬಿದ್ದವು. ಮದುವೆ ದಿಬ್ಬಣದವರು ಹಿಂದೆ ನೋಡಲಿಲ್ಲ, ಮದುಮಗನನ್ನ ದಾರೀಲೇ ಬಿಟ್ಟು ಛತ್ರಕ್ಕೆ ಬಂದರು. ಬೆನ್ನು ಕಡಿದರೂ ಜನ ಗೋಡೆಗೆ ಉಜ್ಜಿಕೊಂಡರೇ ಹೊರತು ತಿರುಗಲಿಲ್ಲ.

ದ್ಯಾವಣ್ಣನ ಹೆಂಡತಿ ಹಾಲವ್ವ ಮಾತ್ರ ತಿರುಗಿ ನೋಡಿದಳು. ಅವಳ ಗಂಡ ಇನ್ನೂ ಸೆರೆಮನೆಯಲ್ಲೇ ಇದ್ದ.

ಅರಮನೆಗೆ ಹೋದಳು. "ಬುದ್ಧೀ, ನನ್ನ ಗಂಡನ್ನ ಬಿಡಿ."

"ಅವ್ವಾ, ಅವನು ಬಾಯಿಬಿಟ್ಟು ಒಪ್ಪಿಕೊಂಡಿದ್ದಾನೆ. ಅದು ಸುಳ್ಳು ಅಂದರೆ, ಸಂಕಪ್ಪ ಮಾಡಿದ್ದು ತಪ್ಪು ಅನ್ನಬೇಕು. ತಪ್ಪು ಅಂದಮೇಲೆ ವಿಚಾರಣೆ ಮಾಡಬೇಕು. ಈಗ ನನಗೆ ಪಾಯಸ ಬಡಿಸ್ತಿರೋನೂ ಅವನೇ. ಸುಮ್ಮನೆ ಯಾಕೆ ರಾಡಿ?"

ಹಾಲವ್ವ ವಾಪಸ್ ಬಂದಳು. ಮತ್ತೆ ಹೋದಳು.

ರಾಜನಿಗೆ ಕನಿಕರ ಬಂತು. "ಆಗಲಿ, ನಿನ್ನ ಗಂಡನಿಗೆ ಕ್ಷಮೆ ಕೊಟ್ಟೆ. ಕೆರೆ ಕುಡಿದದ್ದನ್ನ ಮನ್ನಿಸಿದ್ದೀನಿ ಅಂತ ಡಂಗುರ ಹೊಡೆಸ್ತೀನಿ."

"ಬ್ಯಾಡ ಬುದ್ಧೀ. ಕುಡಿಯದೇ ಇರೋ ಕೆರೆಗೆ ಕ್ಷಮೆ ಇಸ್ಕೊಂಡು ಬಂದರೆ, ಸಾಯೋ ತನಕ ಅವನು ಕೆರೆ ಕುಡಿದೋನೇ. ನಾಳೆ ಮಳೆ ಬರದಿದ್ರೂ ಅವನ ಮನೆ ಬಾಗಿಲಿಗೇ ಬರ್ತಾರೆ."

"ಹಂಗಾದ್ರೆ ನಾನೇನೂ ಮಾಡಕ್ಕಾಗಲ್ಲ."

"ನಾನು ಮಾಡ್ತೀನಿ" ಅಂದಳು ಹಾಲವ್ವ.

ಮಾರನೇ ದಿನ ಕೆರೆಗೆ ಇಳಿಯೋ ಮೆಟ್ಟಿಲ ಮೇಲೆ ಸೆರಗು ಸಿಕ್ಕಿಸಿ ಕೂತಳು. ಅರಮನೆಗೆ ನೀರು ಹೊರೋ ಆಳು ಬಿಂದಿಗೆ ಹೊತ್ತು ಬಂದ.

"ಎಲ್ಲಿಗಣ್ಣ?"

"ಕೆರೆಗೆ ಕಣಮ್ಮ."

"ಯಾವ ಕೆರೆ? ಕೆರೆ ನನ್ನ ಗಂಡನ ಹೊಟ್ಟೇಲಿದೆ. ಡಂಗುರ ಹೊಡೆದವರೇ ನೀವು. ಹೊಸ ರಾಜರೂ ಅದನ್ನ ಸುಳ್ಳು ಅಂದಿಲ್ಲ. ಇಲ್ಲದ ಕೆರೇಲಿ ನೀರು ತುಂಬ್ತೀಯಾ? ರಾಜದ್ರೋಹಿ!"

ಆಳು ಹೆದರಿ ಖಾಲಿ ಬಿಂದಿಗೆ ಹೊತ್ತು ವಾಪಸ್ ಹೋದ. ಆಮೇಲೆ ಅರಮನೆ ಅಗಸ ಬಂದ, ಬಟ್ಟೆ ಹೊತ್ತು ವಾಪಸ್ ಹೋದ. ಆಮೇಲೆ ಪಟ್ಟದ ಆನೆ ಬಂತು. ಆನೆಗೂ ಹಾಲವ್ವ ಅದನ್ನೇ ಹೇಳಿದಳು. ಆನೆ ಕೆರೆ ನೋಡಿತು, ಹಾಲವ್ವನನ್ನ ನೋಡಿತು, ತಲೆ ಅಲ್ಲಾಡಿಸಿ ತಿರುಗಿಕೊಂಡು ಹೋಯಿತು. ಊರ ಜನಕ್ಕೂ ಧೈರ್ಯ ಬಂತು. "ಹೌದಲ್ವಾ, ಇಲ್ಲಿ ಕೆರೆಯೇ ಇಲ್ಲ" ಅಂತ ದಡದಲ್ಲಿ ಸಾಲಾಗಿ ಅವಳ ಪಕ್ಕ ಕೂತರು. ಕೊನೆಗೆ ಕೆರೆಯ ಕಪ್ಪೆಗಳೇ ಮೆರವಣಿಗೆ ಹೊರಟು ಅರಮನೆ ಅಂಗಳಕ್ಕೆ ಬಂದವು.

"ಬುದ್ಧೀ, ನಾವಿರೋದು ನೀರಲ್ಲೋ, ದ್ಯಾವಣ್ಣನ ಹೊಟ್ಟೇಲೋ? ಒಂದು ತೀರ್ಮಾನ ಹೇಳಿಬಿಡಿ. ಮಕ್ಕಳು ಕೇಳ್ತಿದ್ದಾವೆ."

ರಾಜನಿಗೆ ಮೂರು ದಿನದಿಂದ ಸ್ನಾನ ಇಲ್ಲ, ಸಾರಿಗೆ ನೀರಿಲ್ಲ. ಬಾಯಾರಿದ ಮೇಲೆ ನ್ಯಾಯ ನೆನಪಾಯಿತು. ಸಭೆ ಕರೆದ.

ಸಂಕಪ್ಪ ಬಂದು ನಿಂತ. ಹೊಟ್ಟೆ ಮುಂದೆ, ಅವನು ಹಿಂದೆ. "ಬುದ್ಧೀ, ನಂದೇನು ತಪ್ಪು? ರಾಜರು ಹೇಳಿದರು, ಮಾಡಿದೆ. ಶಾಸ್ತ್ರಿಗಳು ಪುಣ್ಯ ಅಂದರು, ಮಾಡಿದೆ. ನಾನೇನು ಹೊಡೆದೆನಾ? ಊಟ ಹಾಕಿದೆ! ಅದರಿಂದಲೇ ಕೆರೆ ಉಳೀತು. ಇವತ್ತಿಗೂ ಕೆರೆ ಕಳ್ಳತನ ಆಗಿದೆಯಾ? ನೋಡ್ಕೊಳ್ಳಿ, ತುಂಬಿ ತುಳುಕ್ತಿದೆ!"

"ಸಂಕಪ್ಪಣ್ಣ, ಒಂದ್ಸಲ ನಿಲ್ಲು" ಅಂದಳು ಹಾಲವ್ವ. "ಕೆರೆ ಉಳೀತು ಅಂತೀಯ?"

"ಉಳೀತು!"

"ನನ್ನ ಗಂಡ ಕುಡಿದ ಅಂತೀಯ?"

"ಕುಡಿದ! ಅವನೇ ಒಪ್ಪಿಕೊಂಡ!"

"ಕುಡಿದಿದ್ರೆ ನೀನು ಉಳಿಸಿದ್ದೇನು? ಉಳಿದಿದ್ರೆ ಅವನು ಕುಡಿದದ್ದೇನು?"

ಸಂಕಪ್ಪ ಮೇಲೆ ನೋಡಿದ, ಕೆಳಗೆ ನೋಡಿದ. "ಅದು... ಕುಡಿದ. ಆಮೇಲೆ ಮಳೆ ಬಂತು."

"ಓಹೋ! ಮೊದಲನೇ ಕೆರೆ ಅವನ ಹೊಟ್ಟೇಲೇ ಇದೆ ಅನ್ನು. ಮತ್ತೆ ಸೆರೆಮನೇಲಿ ದಿನಾ ಬೆಳಗಾದರೆ ನೀರು ನೀರು ಅಂತಾನಲ್ಲಣ್ಣ?"

ಸಭೆ ಗೊಳ್ಳೆಂದು ನಕ್ಕಿತು. ರಾಜ ನಗಲಿಲ್ಲ. ಮೆಲ್ಲಗೆ ಅಂದ: "ಅವ್ವಾ, ನನ್ನ ಸಂಕಟ ಬೇರೆ. ಹಿಂದಿನ ರಾಜನ ಜನಕ್ಕೆ ನಾನು ಶಿಕ್ಷೆ ಕೊಟ್ಟರೆ, ನಾಳೆ ಬರೋ ರಾಜ ನನ್ನ ಜನಕ್ಕೆ ಕೊಡ್ತಾನೆ. ಇದಕ್ಕೆ ಕೊನೆ ಎಲ್ಲಿ?"

"ಕೊಡ್ತಾನೆ ಅನ್ನೋ ಹೆದರಿಕೆ ಇದ್ರೆ, ನಿಮ್ಮ ಜನ ಇವತ್ತೇ ನೆಟ್ಟಗಿರ್ತಾರಲ್ಲ ಬುದ್ಧೀ. ಅದರಲ್ಲಿ ಕೆಟ್ಟದ್ದೇನು?"

ಆನೆ ಲಾಯದ ಕಡೆಯಿಂದ ಯಾರೋ ಕೂಗಿದ: "ಸಂಕಪ್ಪನಿಗೇ ಚಟ್ನಿ ಬಡಿಸಿ! ನಿಜ ಹೊರಗೆ ಬರಲಿ!" ಜನರೆಲ್ಲ ಅದನ್ನೇ ಕೂಗಿದರು. "ಬಡಿಸಿ! ಬಡಿಸಿ! ಬಡಿಸಿ!"

ಹಾಲವ್ವ ಕೈ ಎತ್ತಿದಳು. "ಯಾರೂ ಅವನ ಮೈ ಮುಟ್ಟಕೂಡದು. ಒಂದು ಎಲೆ ಹಾಕಿ. ಉಗ್ರಾಣದಲ್ಲಿ ಉಳಿದ ಚಟ್ನಿ ಇಡಿ. ಪಕ್ಕದಲ್ಲಿ, ಆ ಇಲ್ಲದ ಕೆರೆಯಿಂದಲೇ ತಂದು, ತಂಬಿಗೆ ತುಂಬ ನೀರೂ ಇಡಿ. ಸಂಕಪ್ಪಣ್ಣ, ಇದು ಬರೀ ಊಟ ಅಂತ ನೀನೇ ಅಂದೆ. ಇಷ್ಟ ಇದ್ರೆ ಉಣ್ಣು. ಇಲ್ಲ ಅಂದ್ರೆ, ಇದು ಊಟ ಅಲ್ಲ ಅಂತ ಹೇಳಿ ಎದ್ದೇಳು."

ಎಲೆ ಬಂತು. ಚಟ್ನಿ ಬಂತು. ಅದರ ಘಾಟಿಗೆ ಛಾವಣಿಯ ಪಾರಿವಾಳಗಳು ಸೀನಿದವು. ಸಂಕಪ್ಪನ ಹಣೆ ಬೆವರಿತು, ಆಮೇಲೆ ಹೊಟ್ಟೆ ಬೆವರಿತು, ಆಮೇಲೆ ಅವನ ನೆರಳೂ ಬೆವರಿತು. ತುತ್ತು ಎತ್ತೋದಿರಲಿ, ಬೆರಳು ತಾಗಿಸೋಕೂ ಮುಂಚೆ ಅವನು ಕಿರುಚಿದ:

"ನಾನೇ! ಎಲ್ಲಾ ನಾನೇ! ಕೆರೆ ಕುಡಿದೋನೂ ನಾನೇ! ಒಂದಲ್ಲ, ಎರಡು ಕೆರೆ ಕುಡಿದಿದ್ದೀನಿ! ಪಕ್ಕದ ರಾಜ್ಯದ ಸಮುದ್ರಾನೂ ಕುಡಿದಿದ್ದೀನಿ! ಎಲೆ ತೆಗೀರಿ!"

"ಸಿಕ್ಕಿದ ಕಳ್ಳ!" ಅಂತ ರಾಜ ಎದ್ದು ನಿಂತ. "ಶಿಕ್ಷೆ ಬರಲಿ!"

"ತಾಳಿ ಬುದ್ಧೀ" ಅಂದಳು ಹಾಲವ್ವ. "ಇದನ್ನೂ ನಂಬಬೇಡಿ. ನನ್ನ ಗಂಡ ಹೇಳಿದ್ದು ಹೆಂಗೆ ಸುಳ್ಳೋ, ಇವನು ಹೇಳ್ತಿರೋದೂ ಹಂಗೇ ಸುಳ್ಳು. ಎಲೆ ತೆಗೆಸಿ. ಅವನಿಗೆ ನೀರು ಕೊಡಿ. ಕುಡಿದು ಸುಧಾರಿಸ್ಕೊಳ್ಳಲಿ. ಆಮೇಲೆ ಮನುಷ್ಯರನ್ನ ಕೇಳೋ ಹಂಗೆ ಕೇಳಿ."

ಎಲೆ ಎತ್ತಿದರು. ಹಾಲವ್ವ ತಾನೇ ತಂಬಿಗೆ ಎತ್ತಿ ಸಂಕಪ್ಪನ ಕೈಗೆ ಕೊಟ್ಟಳು. ಅವನು ಗಟಗಟ ಕುಡಿದ. ಖಾಲಿ ತಂಬಿಗೆ ಕೆಳಗಿಟ್ಟು, ನೆಲ ನೋಡ್ತಾ ಹೇಳೋಕೆ ಶುರು ಮಾಡಿದ. ಯಾರನ್ನ ಕೂರಿಸಿದ್ದು, ಹೆಗಲು ಹಿಡಿದದ್ದು ಯಾರು, ಪುಣ್ಯ ಅಂತ ಶಾಸ್ತ್ರಿ ಹೇಳಿದ್ದು ಯಾವ ದಕ್ಷಿಣೆಯ ಆಸೆಗೆ, ಎಲ್ಲ ಹೇಳಿದ. "ಕೆರೆ ಯಾರೂ ಕದಿಯಲ್ಲ ಅಂತ ನನಗೆ ಮೊದಲನೇ ದಿನವೇ ಗೊತ್ತಿತ್ತು ಬುದ್ಧೀ. ನಿಲ್ಲಿಸೋಕೆ ಧೈರ್ಯ ಬರಲಿಲ್ಲ. ಆಮೇಲಾಮೇಲೆ ನಿಲ್ಲಿಸೋ ಮನಸ್ಸೂ ಬರಲಿಲ್ಲ."

ಮುದ್ದಯ್ಯ ನಾಯಕ ಅವತ್ತು ಮೊದಲ ಸಲ ತನ್ನ ಆಜ್ಞೆಯನ್ನ ತಾನೇ ಮುರಿದು ಹಿಂದೆ ತಿರುಗಿ ನೋಡಿದ. ಸಿಂಹಾಸನದ ಹಿಂದೆ, ಕಿಟಕಿಯಾಚೆ ಸೆರೆಮನೆ ಕಾಣ್ತಿತ್ತು. ಅಷ್ಟು ದಿನ ಅದು ಅವನ ಬೆನ್ನಿಗೇ ಇತ್ತು.

ತೀರ್ಪು ಹೀಗಾಯಿತು. ಸಂಕಪ್ಪ, ಅವನ ಆಳುಗಳು, ಶಾಸ್ತ್ರಿ, ಎಲ್ಲರೂ ಹೆದ್ದಾರಿಯಲ್ಲಿ ಅರವಟ್ಟಿಗೆ ನಡೆಸಬೇಕು. ಬಿಸಿಲಲ್ಲಿ ಬಂದವರಿಗೆಲ್ಲ ನೀರು ಕೊಡಬೇಕು. ಯಾರು, ಎಲ್ಲಿಂದ ಬಂದೆ, ಏನು ಮಾಡಿದೆ ಅಂತ ಒಂದು ಮಾತೂ ಕೇಳಕೂಡದು. ಬಾಯಿ ತುರಿಸಿದರೂ ಕೇಳಕೂಡದು. ಮತ್ತೆ, ಊರೂರಲ್ಲೂ ಡಂಗುರ: ಕೆರೆಯನ್ನ ಯಾರೂ ಕುಡಿದಿಲ್ಲ, ಹಾಗೆ ಹೇಳಿಸಿದ್ದು ಅರಮನೆಯ ತಪ್ಪು.

ಸೆರೆಮನೆ ಬಾಗಿಲು ತೆಗೆದರು. ಜರಡಿಯವರೆಲ್ಲ ಬಂದರು. ಗಾಣಿಗ ಬಂದ, ಬಾವಮೈದ ಬಂದ, ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಬೇರೆ ದಾರಿ ಹಿಡಿದರು. ದ್ಯಾವಣ್ಣ ಕೊನೆಗೆ ಬಂದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹೆಂಡತಿಯನ್ನ ನೋಡಿದ.

"ಹಾಲೀ, ಹಂಗಾದ್ರೆ ನಾನು ನಿಜವಾಗ್ಲೂ ಕುಡಿದಿಲ್ವಾ? ಅಷ್ಟು ಸಲ ಹೇಳಿಸಿದರಲ್ಲ, ನನಗೇ ಅನುಮಾನ ಬಂದಿತ್ತು ಕಣೇ."

"ಬಾ" ಅಂದಳು ಅವಳು. ಕೈ ಹಿಡಿದು ಕೆರೆ ದಡಕ್ಕೆ ಕರ್ಕೊಂಡು ಹೋಗಿ ನಿಲ್ಲಿಸಿದಳು. ನೀರು ದಡಕ್ಕೆ ಬಡೀತಾ ಇತ್ತು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಕೂತು, ಮಗುವಿನ ಹಾಗೆ ಅತ್ತ.

ಇಷ್ಟೇ ಕಣ್ರಪ್ಪ ಕಥೆ. ಅವರು ಅವರ ಊರಲ್ಲಿ ನೆಟ್ಟಗಿರಲಿ, ನಾವು ನಮ್ಮ ಊರಲ್ಲಿ ನೆಟ್ಟಗಿರೋಣ. ನೀತಿ ಏನು ಅಂತ ಕೇಳ್ತೀರಾ? ನೋಯಿಸಿ ಕೇಳಿದವನಿಗೆ ಸಿಗೋದು ಅವನಿಗೆ ಬೇಕಾದ ಉತ್ತರ, ನಿಜ ಅಲ್ಲ. ಹಿಂದೆ ಆದ ಅನ್ಯಾಯವನ್ನ ಹಿಂದಾಯ್ತು ಅಂತ ಬಿಟ್ಟರೆ, ಅದರ ಒಳಗೆ ಸಿಕ್ಕಿಕೊಂಡ ಮನುಷ್ಯ ಇವತ್ತಿಗೂ ಅಲ್ಲೇ ಇರ್ತಾನೆ. ಅದಕ್ಕೇ ತಪ್ಪು ಮಾಡಿದವನನ್ನ ಕೇಳಲೇಬೇಕು. ಆದರೆ ಅವನು ಕೇಳಿದ ಹಾಗೆ ಕೇಳಬಾರದು.